ಎಂಜಿನ್ ಬದಲಿಸಿದ ಮೇಲೆ ಆಟೊಮ್ಯಾಟಿಕ್ ಮೂರನೇ ಗೇರಿನಲ್ಲೇ ನಿಲ್ಲುತ್ತಿದೆ. ಗೇರ್‌ಬಾಕ್ಸ್ ಬಿಚ್ಚಿಸಲೇ?

ಮೂರನೇ_ಗೇಟ್ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗಾಡಿ 2013ರ ವರ್ನಾ, 1.6 ಡೀಸೆಲ್, 4 ಸ್ಪೀಡ್ ಆಟೊಮ್ಯಾಟಿಕ್. ಕೊಲ್ಹಾಪುರದಿಂದ ಬರುವಾಗ ಸಂಕೇಶ್ವರ ದಾಟಿದ ಮೇಲೆ ಕೂಲಂಟ್ ಪೈಪ್ ಒಡೆಯಿತು. ಮದುವೆ ಮನೆಗೆ ತಡವಾಗುತ್ತದೆ ಅಂತ ನಾನು ಟೆಂಪರೇಚರ್ ನೋಡದೆ ಓಡಿಸಿದೆ. ತಪ್ಪು ನನ್ನದೇ. ಹತ್ತರಗಿ ಹತ್ತಿರ ಎಂಜಿನ್ ಸೀಜ್ ಆಯಿತು.

ಹಳೇ ಎಂಜಿನ್ ಕಟ್ಟಿಸುವ ಖರ್ಚಿಗೆ ಸೆಕೆಂಡ್ ಹ್ಯಾಂಡ್ ಎಂಜಿನ್ನೇ ಸಿಗುತ್ತದೆ ಅಂತ ಗ್ಯಾರೇಜಿನವರು ಹೇಳಿದರು. ಅದೇ ಮಾಡೆಲ್, ಆದರೆ ಮ್ಯಾನ್ಯುಅಲ್ ಗಾಡಿಯದು. ಬೆಳ್ಳಿ ಬಣ್ಣ ಹೊಡೆದು ಮಿಂಚುತ್ತಿತ್ತು. ಗೇರ್‌ಬಾಕ್ಸ್ ನನ್ನದೇ, ಇಸಿಯು (ಎಂಜಿನ್ ಕಂಪ್ಯೂಟರ್) ಕೂಡ ನನ್ನದೇ. ಸೀಜ್ ಆಗುವ ಹಿಂದಿನ ನಿಮಿಷದವರೆಗೆ ಗೇರ್ ಬಿದ್ದದ್ದು ಗೊತ್ತೇ ಆಗುತ್ತಿರಲಿಲ್ಲ.

ಈಗಿನ ತೊಂದರೆ ಹೀಗಿದೆ. ಪಿ ಯಿಂದ ಡಿ ಗೆ ಹಾಕಿದರೆ ಹಿಂದಿನಿಂದ ಯಾರೋ ಒದ್ದ ಹಾಗೆ ಜಟಕಾ. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಂದು ಕ್ಷಣ ಕೂಗುತ್ತದೆ, ಆಮೇಲೆ ಧಡ್ ಅಂತ ಗೇರ್ ಕೂರುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ಮೂರನೇ ಗೇರಿನಲ್ಲೇ ನಿಂತುಬಿಡುತ್ತದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿ. ರಾತ್ರಿ ಇದು ಇನ್ನೂ ಜಾಸ್ತಿ.

ಮಿಸ್ತ್ರಿ "ಗೇರ್‌ಬಾಕ್ಸ್ ಹೋಗಿದೆ, 70 ಸಾವಿರ ಆಗುತ್ತದೆ" ಅನ್ನುತ್ತಿದ್ದಾರೆ. ಏನು ಮಾಡಲಿ?

ಹಾಂ, ಇನ್ನೊಂದು. ಗಾಡಿ ಕೊಡುವಾಗ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಬೋಲ್ಟ್ ಕೊಟ್ಟು "ಇವು ಉಳಿದವು ರೀ" ಅಂದರು.

ಕುಂದಾ_ಪ್ರಿಯ (ಬೆಳಗಾವಿ)

ಎರಡೇ ಉಳಿದಿದ್ದರೆ ಒಳ್ಳೇ ಮಿಸ್ತ್ರಿನೇ ಬಿಡಿ. ನನಗೆ ಒಂದು ಮುಷ್ಟಿ ಕೊಟ್ಟಿದ್ದರು.

ಉದ್ಯಮಬಾಗ್_ಲೇತ್ (ಬೆಳಗಾವಿ)

ನಾನು ಮೊದಲು ಕೇಳುವುದು ಟಾರ್ಕ್ ಕನ್ವರ್ಟರ್ ಬಗ್ಗೆ, ಅಂದರೆ ಎಂಜಿನ್ ತಿರುಗುವುದನ್ನು ಎಣ್ಣೆಯ ಮೂಲಕ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ದಾಟಿಸುವ ಭಾಗ. ಮ್ಯಾನ್ಯುಅಲ್ ಎಂಜಿನ್ ಅಂದರೆ ಅದರ ಹಿಂದೆ ದಪ್ಪ ಫ್ಲೈವೀಲ್ ಮತ್ತು ಕ್ಲಚ್ ಇರುತ್ತದೆ. ಅದನ್ನು ತೆಗೆದು ನಿಮ್ಮ ಹಳೇ ಎಂಜಿನ್ನಿನ ತೆಳು ಪ್ಲೇಟ್ ಹಾಕಬೇಕು. ಫ್ಲೆಕ್ಸ್ ಪ್ಲೇಟ್ ಅನ್ನುತ್ತಾರೆ. ಕನ್ವರ್ಟರ್ ಬೋಲ್ಟ್ ಆಗುವುದು ಅದಕ್ಕೆ.

ಎಂಜಿನ್ ಜೋಡಿಸುವ ಮೊದಲು ಕನ್ವರ್ಟರನ್ನು ಗೇರ್‌ಬಾಕ್ಸ್ ಒಳಗೆ ಪೂರ್ತಿ ಕೂರಿಸಬೇಕು. ತಿರುಗಿಸುತ್ತಾ ಒತ್ತಿದರೆ ಟಕ್, ಟಕ್ ಅಂತ ಎರಡು ಮೂರು ಮೆಟ್ಟಿಲು ಇಳಿಯುತ್ತದೆ. ಕೊನೆಯ ಮೆಟ್ಟಿಲು ಒಳಗಿನ ಎಣ್ಣೆ ಪಂಪಿನ ಗೇರಿಗೆ ಕೂರುವುದು. ಅದು ಕೂರದೆ ಎಂಜಿನ್ ಹಚ್ಚಿ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತದೆ. ಬೆಲ್ ಹೌಸಿಂಗ್ (ಎಂಜಿನ್ನಿಗೆ ಕೂರುವ ಗೇರ್‌ಬಾಕ್ಸಿನ ಕವಚ) ಪೂರ್ತಿ ಕೂತ ಮೇಲೂ ಕನ್ವರ್ಟರ್ ಕೈಯಿಂದ ತಿರುಗಬೇಕು. ಪ್ಲೇಟಿಗೂ ಅದಕ್ಕೂ ನಡುವೆ ಕೆಲವು ಮಿಲಿಮೀಟರ್ ಸಂದಿ ಇರಬೇಕು. ಆ ಸಂದಿಯನ್ನು ಕನ್ವರ್ಟರನ್ನು ಮುಂದೆ ಎಳೆದು ಮುಚ್ಚಬೇಕು. ಬೆಲ್ ಹೌಸಿಂಗ್ ಬೋಲ್ಟ್ ಬಿಗಿದು ಎಳೆದುಕೊಂಡಿದ್ದರೆ ಕೆಟ್ಟಿತು ಅಂತಲೇ ಲೆಕ್ಕ.

ಡವೆಲ್ ಪಿನ್ ಎರಡೂ ಇವೆಯಾ ಅಂತಲೂ ಕೇಳಿ. ಎಂಜಿನ್ ಮತ್ತು ಗೇರ್‌ಬಾಕ್ಸಿನ ಸೆಂಟರ್ ಹಿಡಿಯುವುದು ಅವೇ, ಬೋಲ್ಟ್ ಅಲ್ಲ. ಗುಜರಿಯಿಂದ ಬಂದ ಎಂಜಿನ್ನಿನಲ್ಲಿ ಅವು ಎಷ್ಟೋ ಸಲ ಇರುವುದೇ ಇಲ್ಲ. ಪಿನ್ ಇಲ್ಲದೆ ಕೂರಿಸಿದರೆ ಕೂದಲೆಳೆಯಷ್ಟು ಆಚೀಚೆ ಆಗಿ ಪ್ಲೇಟ್ ಬಿರುಕು ಬಿಡುತ್ತದೆ, ಪಂಪಿನ ಸೀಲ್ ಸೋರುತ್ತದೆ. ನಮ್ಮ ಲೇತಿಗೆ ಅಂಥ ಎರಡು ಪ್ಲೇಟ್ ಬಂದಿದ್ದವು, ಬೆಸುಗೆ ಹಾಕಿ ಕೊಡಿ ಅಂತ. ಹಾಕಲಿಲ್ಲ. ಅದಕ್ಕೆ ಬೆಸುಗೆ ನಿಲ್ಲುವುದಿಲ್ಲ.

ಒಂದು ಸ್ಟಾಲ್ ಟೆಸ್ಟ್ ಮಾಡಿಸಿ, ಒಳಗೆ ಜಾರುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಗುಮ್ಮಟದ_ನೆರಳು (ವಿಜಯಪುರ)

ಲೇತ್ ಅಣ್ಣ ಹೇಳಿದ್ದು ಸರಿ. ನನಗೆ ಅನುಭವ ಆಗಿದೆ. ನನ್ನದು ಹಿಂಬದಿ ಚಕ್ರ ಎಳೆಯುವ ಎಸ್‌ಯುವಿ. ಅದಕ್ಕೂ ಮ್ಯಾನ್ಯುಅಲ್ ಎಂಜಿನ್ ಹಾಕಿದ್ದರು. ಕ್ರ್ಯಾಂಕ್‌ಶಾಫ್ಟಿನ ಹಿಂಬದಿ ತೂತಿನಲ್ಲಿ ಚಿಕ್ಕ ಪೈಲಟ್ ಬೇರಿಂಗ್ ಇರುತ್ತದೆ, ಮ್ಯಾನ್ಯುಅಲ್ ಗೇರ್‌ಬಾಕ್ಸಿನ ಶಾಫ್ಟ್ ಕೂರುವುದಕ್ಕೆ. ಅದನ್ನು ತೆಗೆಯಲೇ ಇಲ್ಲ. ಕನ್ವರ್ಟರಿನ ಮೂಗು ಆ ತೂತಿಗೆ ಹೋಗಬೇಕು, ಬೇರಿಂಗ್ ಅಡ್ಡ. ಬೋಲ್ಟ್ ಬಿಗಿದು ಎಳೆದಿದ್ದಾರೆ. ಸೋಲಾಪುರ ರೋಡಿನಲ್ಲಿ ಟ್ರಯಲ್ ಹೋದಾಗ ಮೂವತ್ತು ಕಿಲೋಮೀಟರಿಗೆ ಪಂಪ್ ಪುಡಿ. ಮೇ ತಿಂಗಳ ಬಿಸಿಲು, ನೆರಳಿಗೆ ಒಂದು ಬೇವಿನ ಮರ ಇರಲಿಲ್ಲ.

ಆದರೆ ನಿಮ್ಮದು ಅದಲ್ಲ ಅನಿಸುತ್ತದೆ. ಪಂಪ್ ಹೋದರೆ ಗಾಡಿ ಮುಂದೆ ಹೋಗುವುದೇ ಇಲ್ಲ, ಇಲ್ಲವೆ ಕುಂಯ್ ಅಂತ ಶಬ್ದ ಬರುತ್ತದೆ. ನಿಮ್ಮದು ಆಫ್ ಮಾಡಿದರೆ ಸರಿ ಹೋಗುತ್ತದೆ ಅಂತೀರಿ. ಒಡೆದ ಕಬ್ಬಿಣ ಚಾವಿ ತಿರುಗಿಸಿದರೆ ಕೂಡಿಕೊಳ್ಳುತ್ತದಾ?

ನವನಗರ_ಟೆಸ್ಟ್‌ಲ್ಯಾಂಪ್ (ಬಾಗಲಕೋಟೆ)

ಗುಮ್ಮಟದವರು ಸರಿಯಾದ ಕಡೆ ಬೆರಳಿಟ್ಟರು. ನಾನು ಆಟೊ ಎಲೆಕ್ಟ್ರಿಷಿಯನ್, ಹಾಗಾಗಿ ನನ್ನ ಕಣ್ಣು ವೈರಿನ ಕಡೆ ಹೋಗುತ್ತದೆ, ಅದು ನನ್ನ ರೋಗ. ಆದರೂ ಹೇಳುತ್ತೇನೆ.

ಮೂರನೇ ಗೇರಿನಲ್ಲಿ ನಿಂತ ಮಾತ್ರಕ್ಕೆ ಗೇರ್‌ಬಾಕ್ಸ್ ಕೆಟ್ಟಿದೆ ಅಂತಲ್ಲ. ಅದು ಗೇರ್‌ಬಾಕ್ಸಿನ ಕಂಪ್ಯೂಟರ್ ತಾನಾಗಿಯೇ ತೆಗೆದುಕೊಂಡ ತೀರ್ಮಾನ. ಯಾವುದೋ ಸಿಗ್ನಲ್ ಅದಕ್ಕೆ ನಂಬಿಕೆ ಆಗಲಿಲ್ಲ. ಸೊಲೆನಾಯ್ಡುಗಳಿಗೆ (ಎಣ್ಣೆಯ ದಾರಿ ತೆರೆದು ಮುಚ್ಚುವ ಕರೆಂಟ್ ವಾಲ್ವ್) ಕರೆಂಟ್ ಕೊಡುವುದನ್ನು ನಿಲ್ಲಿಸಿಬಿಟ್ಟಿತು. ಕರೆಂಟ್ ಇಲ್ಲದಾಗ ಆ ಗೇರ್‌ಬಾಕ್ಸ್ ಮೂರನೇ ಗೇರಿನಲ್ಲಿ ಕೂರುತ್ತದೆ. ಮನೆ ಮುಟ್ಟಲಿ ಅಂತ ಹಾಗೆ ಮಾಡಿರುತ್ತಾರೆ. ಚಾವಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಲೆಕ್ಕ ಶುರು.

ಕೆಲವು ಪ್ರಶ್ನೆ.

ಹತ್ತರಗಿಯಿಂದ ಬೆಳಗಾವಿಗೆ ಗಾಡಿ ಹೇಗೆ ತಂದಿರಿ? ಮುಂದಿನ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಎಳೆಸಿದರೆ ಕಷ್ಟ. ಎಂಜಿನ್ ಆಫ್ ಇದ್ದಾಗ ಪಂಪ್ ತಿರುಗುವುದಿಲ್ಲ, ಒಳಗೆ ಎಣ್ಣೆ ಹರಿಯುವುದಿಲ್ಲ.

ಸೆಲ್ಫ್ ಹೊಡೆದಾಗ ಮೊದಲಿನ ಹಾಗೇ ಚುರುಕಾಗಿ ತಿರುಗುತ್ತದಾ, ಎಳೆಯುತ್ತದಾ?

ರಾತ್ರಿ ಜಾಸ್ತಿ ಅಂದಿರಿ. ರಾತ್ರಿ ಅಂದರೆ ಹೆಡ್‌ಲೈಟ್. ಹಗಲು ಎಸಿ ಮತ್ತು ಫ್ಯಾನ್ ಫುಲ್ ಹಾಕಿದಾಗಲೂ ಹೀಗೇ ಆಗುತ್ತದಾ?

ಸ್ಕ್ಯಾನರ್ ಹಚ್ಚಿದರಾ? ಕೋಡ್, ಅಂದರೆ ದೋಷದ ನಂಬರ್, ಏನು ಬಂತು?

ಸ್ಟಾಲ್ ಟೆಸ್ಟ್ ಈಗ ಬೇಡ, ಲೇತ್ ಅಣ್ಣ ಕ್ಷಮಿಸಿ. ಒಳಗೆ ಹೇಗೆ ಜೋಡಿಸಿದ್ದಾರೆ ಅಂತ ಗೊತ್ತಿಲ್ಲದ ಗಾಡಿಗೆ ಬ್ರೇಕ್ ಒತ್ತಿ ಫುಲ್ ಆಕ್ಸಲರೇಟರ್ ಕೊಡುವುದು ಯಾಕೆ? ಕೊಟ್ಟರೂ ಐದು ಸೆಕೆಂಡಿನ ಮೇಲೆ ಕೊಡಬಾರದು. ನಮ್ಮಲ್ಲಿ ಐದು ಸೆಕೆಂಡ್ ಅಂದರೆ ಇಪ್ಪತ್ತು.

ಉದ್ಯಮಬಾಗ್_ಲೇತ್ (ಬೆಳಗಾವಿ)

ಒಪ್ಪಿದೆ. ಇಪ್ಪತ್ತು ಅಲ್ಲ, ಚಹಾ ಬರುವವರೆಗೆ.

ಮೂರನೇ_ಗೇಟ್ (ಬೆಳಗಾವಿ)

ಟೆಸ್ಟ್‌ಲ್ಯಾಂಪ್ ಅಣ್ಣ, ಗಾಡಿಯನ್ನು ಪೂರ್ತಿ ಲಾರಿ ಮೇಲೆ ಏರಿಸಿಯೇ ತಂದದ್ದು. ಸೆಲ್ಫ್ ಸ್ವಲ್ಪ ಎಳೆಯುತ್ತದೆ, ಹೌದು. ಗಾಡಿ ಹದಿನೈದು ದಿನ ನಿಂತಿತ್ತಲ್ಲ, ಬ್ಯಾಟರಿ ಇಳಿದಿರಬೇಕು ಅಂದುಕೊಂಡಿದ್ದೆ. ಇವತ್ತು ಮಧ್ಯಾಹ್ನ ಎಸಿ ಹಾಕಿಕೊಂಡು ಗೋವಾವೇಸ್ ಸುತ್ತಿದೆ. ನಿಮ್ಮ ಮಾತು ನಿಜ. ಎಸಿ ಹಾಕಿದರೆ ಬೇಗ ನಿಲ್ಲುತ್ತದೆ.

ಸ್ಕ್ಯಾನರ್ ಹಚ್ಚಿದ್ದರು. "ನಾಲ್ಕೈದು ಕೋಡ್ ಇತ್ತು, ಅಳಿಸಿದ್ದೇನೆ" ಅಂದರು. ಬರೆದುಕೊಂಡಿಲ್ಲ. ನನ್ನ ಹತ್ತಿರ ಆನ್‌ಲೈನಿನಲ್ಲಿ ತರಿಸಿದ ಬ್ಲೂಟೂತ್ ಡಬ್ಬಿ ಇದೆ. ಅದರಲ್ಲಿ ಏನೂ ತೋರಿಸುತ್ತಿಲ್ಲ.

ನವನಗರ_ಟೆಸ್ಟ್‌ಲ್ಯಾಂಪ್ (ಬಾಗಲಕೋಟೆ)

ಅಳಿಸಿದರಾ! ಡಾಕ್ಟರು ಜ್ವರ ನೋಡಿ ಥರ್ಮಾಮೀಟರ್ ಒರೆಸಿಟ್ಟ ಹಾಗಾಯಿತು.

ಆ ಡಬ್ಬಿ ಎಂಜಿನ್ ಕಂಪ್ಯೂಟರನ್ನು ಓದುತ್ತದೆ. ಗೇರ್‌ಬಾಕ್ಸಿನದನ್ನು ಎಷ್ಟೋ ಗಾಡಿಗಳಲ್ಲಿ ಓದುವುದಿಲ್ಲ. ಟಿಸಿಎಂ (ಗೇರ್‌ಬಾಕ್ಸ್ ಕಂಪ್ಯೂಟರ್) ಒಳಗೆ ಹೋಗುವ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ಹೋಗುವ ಮೊದಲು ಅರ್ಧ ಗಂಟೆ ಓಡಿಸಿ, ಮೂರರಲ್ಲಿ ನಿಲ್ಲಲಿ, ಆಫ್ ಮಾಡದೆ ಹಾಗೇ ಒಯ್ಯಿರಿ. ಕೋಡ್ ಬಂದದ್ದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಎಂಜಿನ್ನಿನದು ಬೇರೆ, ಗೇರ್‌ಬಾಕ್ಸಿನದು ಬೇರೆ.

ಪಿ 0700 ಬಂದರೆ ಹೆದರಬೇಡಿ. "ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಹೇಳುತ್ತಿದೆ, ಅದನ್ನು ಕೇಳಿ" ಅಂತ ಅಷ್ಟೇ ಅದರ ಅರ್ಥ. ಎಷ್ಟೋ ಮಂದಿ ಆ ಒಂದು ಕೋಡ್ ತೋರಿಸಿಯೇ ಗೇರ್‌ಬಾಕ್ಸ್ ಇಳಿಸಿದ್ದಾರೆ. ಪಿ 0715, 0717 ಬಂದರೆ ಇನ್‌ಪುಟ್ ಸ್ಪೀಡ್ ಸೆನ್ಸರ್, 0720, 0722 ಬಂದರೆ ಔಟ್‌ಪುಟ್ ಸೆನ್ಸರ್. ಎಂಜಿನ್ ಇಳಿಸಿ ಏರಿಸುವಾಗ ಅವುಗಳ ಕಪ್ಲರ್ ಸಡಿಲ ಆಗುವುದು, ವೈರ್ ಸಿಕ್ಕಿಕೊಳ್ಳುವುದು ಮಾಮೂಲಿ. ಯು 0100 ಬಂದರೆ ಎಂಜಿನ್ ಕಂಪ್ಯೂಟರಿನ ಜೊತೆ ಮಾತು ನಿಂತಿದೆ ಅಂತ. ಪಿ 0731ರಿಂದ 0734 ಬಂದರೆ ಆಯಾ ಗೇರಿನ ಲೆಕ್ಕ ತಾಳೆ ಆಗುತ್ತಿಲ್ಲ, ಅಂದರೆ ಒಳಗೆ ಜಾರುತ್ತಿದೆ, ಇಲ್ಲವೆ ಸೆನ್ಸರ್ ಸುಳ್ಳು ಹೇಳುತ್ತಿದೆ.

ಸ್ಕ್ಯಾನರಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಡಿಸಿ ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಕ್ಲಾಂಪಿಗೆ ಅಲ್ಲ, ಸೀಸದ ಕಂಬಕ್ಕೇ. ಕೆಂಪು ಕಡ್ಡಿ ಗೇರ್‌ಬಾಕ್ಸಿನ ಮೈಗೆ, ಬಣ್ಣ ಇಲ್ಲದ ಕಡೆ. ಮನೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿನ ಒಳಗೆ ಇರಬೇಕು, ಒಳ್ಳೇ ಗಾಡಿಯಲ್ಲಿ 0.2 ಆಸುಪಾಸು. ಅದೇ ರೀತಿ ಎಂಜಿನ್ ಬ್ಲಾಕಿಗೂ ನೋಡಿ. ಆಮೇಲೆ ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್, ಎಸಿ, ಹಿಂದಿನ ಗಾಜಿನ ಹೀಟರ್ ಎಲ್ಲಾ ಹಾಕಿ ಬ್ಯಾಟರಿ ವೋಲ್ಟೇಜ್ ಎಷ್ಟಿದೆ ನೋಡಿ.

ಬೆಳ್ಳಿ ಬಣ್ಣ ಹೊಡೆದ ಎಂಜಿನ್ ಅಂದಿರಲ್ಲ, ಅಲ್ಲಿಂದಲೇ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ತವಂದಿ_ಘಾಟ್ (ನಿಪ್ಪಾಣಿ)

ನಡುವೆ ಬಾಯಿ ಹಾಕುತ್ತೇನೆ. ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಯಾವುದು ಹಾಕಿದರು ಕೇಳಿ. ಈ 4 ಸ್ಪೀಡಿಗೆ ಎಸ್‌ಪಿ-3 ಬೇಕು. "ಎಲ್ಲಾ ಕೆಂಪೆಣ್ಣೆ ಒಂದೇ ರೀ" ಅನ್ನುವವರು ನಮ್ಮ ಕಡೆ ಬಹಳ. ಕನ್ವರ್ಟರ್ ಇಳಿಸಿದಾಗ ಒಂದಿಷ್ಟು ಎಣ್ಣೆ ಚೆಲ್ಲಿರುತ್ತದೆ, ಅಷ್ಟನ್ನು ತುಂಬಿಸಿದರಾ? ಎಂಜಿನ್ ಚಾಲೂ ಇದ್ದು, ಎಣ್ಣೆ ಬಿಸಿಯಾಗಿ, ಗೇರ್ ಲಿವರ್ ಪಿ ಯಿಂದ ಕೆಳಗಿನವರೆಗೆ ಒಂದು ಸಲ ಆಡಿಸಿದ ಮೇಲೆ ಅಳತೆ ನೋಡಬೇಕು. ತಣ್ಣಗಿದ್ದಾಗ ನೋಡಿದ್ದು ಲೆಕ್ಕಕ್ಕಿಲ್ಲ.

ರೇಡಿಯೇಟರ್ ಬದಲಾಗಿದೆಯಾ? ಮ್ಯಾನ್ಯುಅಲ್ ಗಾಡಿಯ ರೇಡಿಯೇಟರಿನಲ್ಲಿ ಎಟಿಎಫ್ ತಣ್ಣಗೆ ಮಾಡುವ ಕೂಲರ್ ಇರುವುದಿಲ್ಲ. ಎರಡು ಪೈಪನ್ನು ಒಂದಕ್ಕೊಂದು ಸೇರಿಸಿ ಕಳಿಸಿದ್ದನ್ನೂ ನೋಡಿದ್ದೇನೆ. ತವಂದಿ ಘಾಟ್ ಹತ್ತುವಾಗ ಎಣ್ಣೆ ಕುದಿಯುತ್ತದೆ. ಎಣ್ಣೆ ಹಾಲು ಬೆರೆಸಿದ ಗುಲಾಬಿ ಬಣ್ಣ ಆಗಿದ್ದರೆ ನೀರು ಸೇರಿದೆ ಅಂತ ಅರ್ಥ, ಆಗ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಕುಂದಾ_ಪ್ರಿಯ (ಬೆಳಗಾವಿ)

ನನ್ನದು ಎಎಂಟಿ ಗಾಡಿ. ಅದಕ್ಕೂ ಇದೆಲ್ಲಾ ಇದೆಯಾ?

ಉದ್ಯಮಬಾಗ್_ಲೇತ್ (ಬೆಳಗಾವಿ)

ಇಲ್ಲ ಮಾರಾಯರೇ. ಅದು ಮ್ಯಾನ್ಯುಅಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಹಾಕುವುದು ಎರಡನ್ನೂ ನಿಮ್ಮ ಬದಲು ಆಕ್ಚುಯೇಟರ್ ಮಾಡುತ್ತದೆ. ಕನ್ವರ್ಟರೂ ಇಲ್ಲ, ಎಟಿಎಫ್ ಗೇರ್‌ಬಾಕ್ಸೂ ಇಲ್ಲ. ಕ್ಲಚ್ ಬದಲಿಸಿದರೆ ಸ್ಕ್ಯಾನರಿನಿಂದ ಅದಕ್ಕೆ ಮತ್ತೆ ಕಲಿಸಬೇಕು, ಅಷ್ಟೇ. ಬೇರೆ ಚರ್ಚೆ ತೆರೆಯಿರಿ.

ಗುಮ್ಮಟದ_ನೆರಳು (ವಿಜಯಪುರ)

ಹಳೇ ಇಂಪೋರ್ಟೆಡ್ ಗಾಡಿ ಇಟ್ಟವರು ಯಾರಾದರೂ ಓದುತ್ತಿದ್ದರೆ ಇರಲಿ ಅಂತ ಬರೆಯುತ್ತೇನೆ. ಅವುಗಳಲ್ಲಿ ಆಕ್ಸಲರೇಟರ್ ಕಡೆಯಿಂದ ಗೇರ್‌ಬಾಕ್ಸಿಗೆ ಒಂದು ಕೇಬಲ್ ಹೋಗುತ್ತದೆ. ಒಳಗಿನ ಪ್ರೆಶರ್ ಎಷ್ಟು ಅಂತ ಹೇಳುವುದು ಅದು. ಬೇರೆ ಎಂಜಿನ್ ಹಾಕಿದಾಗ ಕೇಬಲ್ ಸಡಿಲ ಉಳಿದರೆ ಗೇರ್ ಬೇಗ ಬೇಗ, ಮೆತ್ತಗೆ ಬೀಳುತ್ತದೆ. ಓಡಿಸುವವನಿಗೆ ಖುಷಿ. ಒಳಗೆ ಕ್ಲಚ್ ಪ್ಲೇಟ್ ಸುಡುತ್ತಿರುತ್ತದೆ. ಬಿಗಿ ಜಾಸ್ತಿ ಆದರೆ ಗೇರ್ ತಡ, ಜಟಕಾ ಜೋರು. ಈಗಿನ ಗಾಡಿಗಳಲ್ಲಿ ಆ ಕೆಲಸ ವೈರಿನ ಮೂಲಕ ಆಗುತ್ತದೆ.

ಮೂರನೇ_ಗೇಟ್ (ಬೆಳಗಾವಿ)

ಭಾನುವಾರ ಪೂರ್ತಿ ಇದೇ ಕೆಲಸ. ಮನೆಯಲ್ಲಿ ಬೈಗುಳ ಬಿತ್ತು. ಸೆಲ್ಫ್ ಹೊಡೆಯಲು ಮಗಳು ಕೂತಳು.

ಎಟಿಎಫ್ ಎಸ್‌ಪಿ-3 ಅಂತ ಬಿಲ್ಲಿನಲ್ಲಿದೆ. ಅಳತೆ ಸ್ವಲ್ಪ ಕಡಿಮೆ ಇತ್ತು, ಅರ್ಧ ಲೀಟರ್ ಹಾಕಿದೆ. ಬಣ್ಣ ಕೆಂಪೇ ಇದೆ, ಸುಟ್ಟ ವಾಸನೆ ಇಲ್ಲ. ರೇಡಿಯೇಟರ್ ನನ್ನ ಹಳೆಯದೇ, ಕೂಲರ್ ಪೈಪ್ ಎರಡೂ ಸರಿಯಾಗಿವೆ. ಆದರೂ ಜಟಕಾ ಹಾಗೇ ಇತ್ತು.

ಈಗ ಮೀಟರ್. ಸೆಲ್ಫ್ ಹೊಡೆದಾಗ ಗೇರ್‌ಬಾಕ್ಸಿನ ಮೈಗೆ 1.4 ವೋಲ್ಟ್. ಎರಡನೇ ಸಲವೂ ಅಷ್ಟೇ. ಎಲ್ಲಾ ಲೈಟ್ ಮತ್ತು ಎಸಿ ಹಾಕಿದಾಗ ಬ್ಯಾಟರಿಯಲ್ಲಿ 12.8. ಕಡ್ಡಿಯನ್ನು ಆಲ್ಟರ್ನೇಟರಿನ ಮೈಗೂ ಅದರ ಪ್ಲಸ್ಸಿಗೂ ಇಟ್ಟರೆ 14.3! ಇದು ಹೇಗೆ?

ನವನಗರ_ಟೆಸ್ಟ್‌ಲ್ಯಾಂಪ್ (ಬಾಗಲಕೋಟೆ)

ಸಿಕ್ಕಿತು. ಆಲ್ಟರ್ನೇಟರ್ ಕೊಡುತ್ತಿದೆ, ಬ್ಯಾಟರಿಗೆ ಮುಟ್ಟುತ್ತಿಲ್ಲ. ಪ್ಲಸ್ ವೈರಿನಲ್ಲಿ ಎಲ್ಲರೂ ಹುಡುಕುತ್ತಾರೆ, ವಾಪಸ್ ಬರುವ ದಾರಿಯನ್ನು ಯಾರೂ ನೋಡುವುದಿಲ್ಲ. ಹೋದ ಕರೆಂಟ್ ವಾಪಸ್ ಬರಬೇಕಲ್ಲ? ಎಂಜಿನ್ ನಿಂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಅರ್ಥಿಂಗ್ ಪಟ್ಟಿ ಇರುತ್ತದೆ, ಜಡೆ ಹೆಣೆದ ಹಾಗೆ ಚಪ್ಪಟೆ ಇರುತ್ತದೆ, ಇಲ್ಲವೆ ದಪ್ಪ ಕಪ್ಪು ವೈರ್.

ಅದು ಸರಿ ಇಲ್ಲದಿದ್ದರೆ ಗೇರ್‌ಬಾಕ್ಸ್ ಕಂಪ್ಯೂಟರಿಗೆ ಸಿಗುವ ವೋಲ್ಟೇಜ್ ಒಂದೊಂದು ಕ್ಷಣಕ್ಕೆ ಒಂದೊಂದು. ಸೊಲೆನಾಯ್ಡ್ ಅರ್ಧ ಎಳೆಯುತ್ತದೆ, ಪ್ರೆಶರ್ ಲೆಕ್ಕ ತಪ್ಪುತ್ತದೆ. ಹೆಡ್‌ಲೈಟ್ ಹಾಕಿದರೆ ಇನ್ನೂ ಕುಸಿಯುತ್ತದೆ. ರಾತ್ರಿ ಯಾಕೆ ಜಾಸ್ತಿ ಅಂತ ಈಗ ಗೊತ್ತಾಯಿತಲ್ಲ?

ಗಾಡಿ ಎತ್ತಿಸಿ ಕೆಳಗಿನಿಂದ ನೋಡಿ. ಆ ಚೀಲದ ಬೋಲ್ಟ್ ಕೂಡ ಒಯ್ಯಿರಿ.

ಮೂರನೇ_ಗೇಟ್ (ಬೆಳಗಾವಿ)

ನೋಡಿದೆ. ಗೇರ್‌ಬಾಕ್ಸಿನ ಪಟ್ಟಿ ಸುಮ್ನೆ ನೇತಾಡುತ್ತಿತ್ತು. ಒಂದು ಬೋಲ್ಟ್ ಅಲ್ಲಿ ಸರಿಯಾಗಿ ಕೂತಿತು. ಎಂಜಿನ್ ಕಡೆಯ ಇನ್ನೊಂದು ಪಟ್ಟಿಯನ್ನು ಆ ಬೆಳ್ಳಿ ಬಣ್ಣದ ಮೇಲೇ ಬಿಗಿದಿದ್ದರು. ಬಿಚ್ಚಿ ನೋಡಿದರೆ ಕೆಳಗೆ ಬಣ್ಣ ಹಾಗೇ ಇದೆ, ದಪ್ಪ ಪದರ. ಉಪ್ಪು ಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿ ಬಿಗಿದೆ. ಮೇಲೆ ಸ್ವಲ್ಪ ಗ್ರೀಸ್.

ಈಗ ಸೆಲ್ಫ್ ಹೊಡೆದರೆ 0.15. ಎಲ್ಲಾ ಲೋಡ್ ಹಾಕಿದರೂ ಬ್ಯಾಟರಿಯಲ್ಲಿ 14.1.

ನಿನ್ನೆ ರಾತ್ರಿ ವಂಟಮುರಿ ಘಾಟ್ ಹತ್ತಿ ಇಳಿದೆ, ಹೆಡ್‌ಲೈಟ್, ಎಸಿ ಎರಡೂ ಹಾಕಿಕೊಂಡು. ಒಂದು ಸಲವೂ ಮೂರರಲ್ಲಿ ನಿಲ್ಲಲಿಲ್ಲ! ಡಿ ಗೆ ಹಾಕಿದಾಗಿನ ಒದೆತವೂ ಮುಕ್ಕಾಲು ಕಡಿಮೆ. ಆದರೆ ಮೆತ್ತಗೆ ಓಡಿಸುವಾಗ ಎರಡರಿಂದ ಮೂರಕ್ಕೆ ಇನ್ನೂ ಸಣ್ಣಗೆ ಕೂಗುತ್ತದೆ.

ತವಂದಿ_ಘಾಟ್ (ನಿಪ್ಪಾಣಿ)

70 ಸಾವಿರದ ಗೇರ್‌ಬಾಕ್ಸ್ ಒಂದು ಉಪ್ಪು ಕಾಗದಕ್ಕೆ ಸರಿ ಹೋಯಿತು. ಮಿಸ್ತ್ರಿಗೆ ಹೇಳಿದಿರಾ?

ಮೂರನೇ_ಗೇಟ್ (ಬೆಳಗಾವಿ)

ಹೇಳಿದೆ. "ನಾನು ಅದನ್ನೇ ಹೇಳಬೇಕು ಅಂತಿದ್ದೆ" ಅಂದರು.

ನವನಗರ_ಟೆಸ್ಟ್‌ಲ್ಯಾಂಪ್ (ಬಾಗಲಕೋಟೆ)

ಉಳಿದ ಕೂಗಿಗೆ ಎರಡು ಕಾರಣ ಇರಬಹುದು.

ಮೊದಲನೆಯದು ಇಂಜೆಕ್ಟರ್. ಹೊಸ ಎಂಜಿನ್ನಿನ ಜೊತೆ ಅದರದೇ ನಾಲ್ಕು ಇಂಜೆಕ್ಟರ್ ಬಂದಿವೆ. ಪ್ರತಿಯೊಂದರ ತಲೆಯ ಮೇಲೆ ಒಂದು ಕೋಡ್ ಕೊರೆದಿರುತ್ತದೆ. ಈ ಇಂಜೆಕ್ಟರ್ ಎಷ್ಟು ಡೀಸೆಲ್ ಬಿಡುತ್ತದೆ ಅನ್ನುವ ಸಣ್ಣ ವ್ಯತ್ಯಾಸ ಅದರಲ್ಲಿದೆ. ನಿಮ್ಮ ಇಸಿಯುನಲ್ಲಿ ಇನ್ನೂ ಹಳೇ ನಾಲ್ಕರ ಕೋಡ್ ಇದೆ. ಇಸಿಯು ತಾನು ಲೆಕ್ಕ ಹಾಕಿದ ಟಾರ್ಕನ್ನು, ಅಂದರೆ ಎಂಜಿನ್ ತಿರುಗಿಸುವ ಬಲವನ್ನು, ಗೇರ್‌ಬಾಕ್ಸಿಗೆ ಹೇಳುತ್ತದೆ. ಗೇರ್‌ಬಾಕ್ಸ್ ಅದನ್ನು ನಂಬಿ ಪ್ರೆಶರ್ ಇಡುತ್ತದೆ. ಎಂಜಿನ್ ಹೇಳಿದ್ದು ಒಂದು, ಕೊಟ್ಟದ್ದು ಒಂದು ಆದರೆ ಗೇರ್ ಬೀಳುವ ಹೊತ್ತಿಗೆ ಕ್ಲಚ್ ಸ್ವಲ್ಪ ಜಾರುತ್ತದೆ. ಐಡಲ್‌ನಲ್ಲಿ ಎಂಜಿನ್ ಸಣ್ಣಗೆ ನಡುಗುತ್ತಿದ್ದರೆ ಇದೇ ಇರಬೇಕು.

ಎರಡನೆಯದು ನೆನಪು. ಇಷ್ಟು ದಿನ ಕೆಟ್ಟ ವೋಲ್ಟೇಜಿನಲ್ಲಿ ಓಡಿ ಗೇರ್‌ಬಾಕ್ಸ್ ಕಂಪ್ಯೂಟರ್ ತಪ್ಪು ಪಾಠ ಕಲಿತಿದೆ. ಇಂಜೆಕ್ಟರ್ ಕೋಡ್ ಬರೆಸಿದ ಮೇಲೆ ಅದನ್ನು ಅಳಿಸಿ ಹೊಸದಾಗಿ ಕಲಿಸಬೇಕು. ಮೊದಲೇ ಅಳಿಸಿದರೆ ಮತ್ತೆ ತಪ್ಪನ್ನೇ ಕಲಿಯುತ್ತದೆ.

ಅಳಿಸಿದ ಮೇಲೆ ಎಣ್ಣೆ ಬಿಸಿಯಾಗುವವರೆಗೆ ಓಡಿಸಿ. ಆಮೇಲೆ ಖಾಲಿ ರಸ್ತೆಯಲ್ಲಿ ಆಕ್ಸಲರೇಟರ್ ಅರ್ಧಕ್ಕಿಂತ ಕಡಿಮೆ ಒತ್ತಿ, ನಿಂತಲ್ಲಿಂದ ನಾಲ್ಕನೇ ಗೇರಿನವರೆಗೆ ಹೋಗಿ ನಿಲ್ಲಿಸಿ. ಹತ್ತಾರು ಸಲ. ಬೋರ್ ಆಗುತ್ತದೆ, ಆಗಲಿ.

ಗುಮ್ಮಟದ_ನೆರಳು (ವಿಜಯಪುರ)

ಆರ್‌ಸಿ ಕೆಲಸ ಮರೆಯಬೇಡಿ. ಎಂಜಿನ್ ನಂಬರ್ ಬದಲಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಹತ್ತಿಸಬೇಕು. ಎಂಜಿನ್ ಕೊಂಡ ಬಿಲ್ ಮತ್ತು ಅದು ಬಂದ ಗಾಡಿಯ ಕಾಗದ ಕೇಳುತ್ತಾರೆ. ಹತ್ತಿಸದೆ ಓಡಿಸಿ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ನೋಡುವುದೇ ಆ ನಂಬರ್. ನಮ್ಮ ಕೆಎ 28ರಲ್ಲಿ ಒಂದು ಸಲ ಓಡಾಡಿ ಚಪ್ಪಲಿ ಸವೆಸಿದ್ದೇನೆ, ಅದಕ್ಕೇ ಹೇಳಿದೆ.

ಮೂರನೇ_ಗೇಟ್ (ಬೆಳಗಾವಿ)

ಎಂಟು ದಿನದ ಮೇಲೆ ಬರೆಯುತ್ತಿದ್ದೇನೆ.

ಒಳ್ಳೇ ಸ್ಕ್ಯಾನರ್ ಇರುವವರ ಹತ್ತಿರ ಹೋದೆ. ಗೇರ್‌ಬಾಕ್ಸಿನಲ್ಲಿ ಹಳೇ ಕೋಡ್ ಎರಡು ಇದ್ದವು, ಪಿ 0562 ಮತ್ತು ಪಿ 0733. ಮೊದಲನೆಯದು ವೋಲ್ಟೇಜ್ ಕಡಿಮೆ ಅಂತ, ಎರಡನೆಯದು ಮೂರನೇ ಗೇರಿನ ಲೆಕ್ಕ ತಪ್ಪಿದೆ ಅಂತ. ಅರ್ಥಿಂಗ್ ಸರಿ ಮಾಡಿದ ಮೇಲೆ ಹೊಸದಾಗಿ ಯಾವುದೂ ಬಂದಿಲ್ಲ. ಇಂಜೆಕ್ಟರ್ ಕೋಡ್ ನಾಲ್ಕೂ ಹಳೇ ಎಂಜಿನ್ನಿನವೇ ಇದ್ದವು! ತಲೆಯ ಮೇಲಿದ್ದದ್ದನ್ನು ಒರೆಸಿ ಓದಿ ಬರೆದರು. ಒಂದರ ಮೇಲೂ ಅದೇ ಬೆಳ್ಳಿ ಬಣ್ಣ, ಥಿನ್ನರ್ ಹಾಕಿ ತೆಗೆಯಬೇಕಾಯಿತು. ಆಮೇಲೆ ಗೇರ್‌ಬಾಕ್ಸಿನ ನೆನಪು ಅಳಿಸಿದರು. ಎಲ್ಲಾ ಸೇರಿ 1,500 ರೂಪಾಯಿ.

ಬೆಳಗ್ಗೆ ಐದೂವರೆಗೆ ಹೋಗಿ ಖಾನಾಪುರ ರೋಡಿನಲ್ಲಿ ನಿಂತು ಹೊರಟು, ನಿಂತು ಹೊರಟು ಮಾಡಿದೆ. ಹಾಲಿನ ಗಾಡಿಯವರೊಬ್ಬರು ನಿಲ್ಲಿಸಿ "ಡೀಸೆಲ್ ಮುಗಿಯಿತಾ ಸಾಹೇಬ್ರೇ?" ಅಂತ ಕೇಳಿದರು. ಐಡಲ್ ನಡುಕ ಹೋಗಿದೆ. ಎರಡರಿಂದ ಮೂರಕ್ಕೆ ಈಗ ಟ್ಯಾಕೋಮೀಟರ್ ಮುಳ್ಳು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಆರ್‌ಟಿಒ ಅರ್ಜಿ ಕೊಟ್ಟಿದ್ದೇನೆ.

ಉದ್ಯಮಬಾಗ್_ಲೇತ್ (ಬೆಳಗಾವಿ)

ಬಹಳ ಖುಷಿ. ಆದರೆ ಚೀಲದಲ್ಲಿ ಎರಡು ಬೋಲ್ಟ್ ಅಂದಿದ್ದಿರಿ. ಒಂದು ಅರ್ಥಿಂಗಿನದು. ಇನ್ನೊಂದು?

ಮೂರನೇ_ಗೇಟ್ (ಬೆಳಗಾವಿ)

ಗೊತ್ತಾಗಿಲ್ಲ ಅಣ್ಣ. ಬೆಲ್ ಹೌಸಿಂಗಿನವು ಎಣಿಸಿದೆ, ಎಲ್ಲಾ ಇವೆ. ಸ್ಟಾರ್ಟರ್ ಮೋಟರಿನವು, ಮೌಂಟಿಂಗಿನವು ಎಲ್ಲಾ ಇವೆ.

ಉದ್ಯಮಬಾಗ್_ಲೇತ್ (ಬೆಳಗಾವಿ)

ಮ್ಯಾನ್ಯುಅಲ್ ಎಂಜಿನ್ ಅಲ್ವಾ, ಬಿಚ್ಚಿದ ಕ್ಲಚ್ಚಿನ ಬೋಲ್ಟ್ ಇರಬಹುದು.

ಗುಮ್ಮಟದ_ನೆರಳು (ವಿಜಯಪುರ)

ಹಾಗಾದರೆ ಒಂದೇ ಯಾಕೆ ಉಳಿಯಿತು?

ಕುಂದಾ_ಪ್ರಿಯ (ಬೆಳಗಾವಿ)

ಉಳಿದವು ನನ್ನ ಗಾಡಿಯಲ್ಲಿ ಇವೆ.

ಮೂರನೇ_ಗೇಟ್ (ಬೆಳಗಾವಿ)

ಆ ಬೋಲ್ಟನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇಟ್ಟಿದ್ದೇನೆ. ಎಲ್ಲಿಂದಾದರೂ ಶಬ್ದ ಶುರುವಾದರೆ ಫೋಟೊ ಹಾಕುತ್ತೇನೆ.